ಮೆಗ್ಗರ್

ಆಟೋ ಕಾಂಪ್ಲೆಕ್ಸಿನ ಮೂರನೇ ಸಾಲಿನಲ್ಲಿ
ನನ್ನ ಅಂಗಡಿ: ಟೀಕಪ್ಪ ರೀವೈಂಡಿಂಗ್.
ಬೋರ್ಡಿನಲ್ಲಿ 'ಮಾಜಿ ಹವಾಲ್ದಾರ್' ಅಂತ ಬರೆಸಿದ್ದು ಹೆಂಡತಿ,
ಸಾಲ ಹೇಳುವವರು ಕಡಿಮೆಯಾಗಲಿ ಅಂತ.
ಆಗಲಿಲ್ಲ.

ಫೆಬ್ರವರಿ ಬಂತೆಂದರೆ ಪಂಪುಗಳ ಸಾಲು.
ಆಯನೂರಿಂದ, ಕುಂಸಿಯಿಂದ, ಹಾರನಹಳ್ಳಿಯಿಂದ
ಕೆಸರು ಮೆತ್ತಿಕೊಂಡು, ಗೂಡ್ಸ್ ಆಟೋದಲ್ಲಿ
ಮಗ್ಗುಲಾಗಿ ಮಲಗಿ ಬರುತ್ತವೆ.
ಸುಟ್ಟ ವಾಸನೆ ಬಂದದ್ದೆಲ್ಲ ಸುಟ್ಟಿರುವುದಿಲ್ಲ.
ಒಮ್ಮೊಮ್ಮೆ ಸ್ಟಾರ್ಟರಿನೊಳಗೆ ಹಲ್ಲಿ.
ಅದಕ್ಕೇ ಮೊದಲು ಮೆಗ್ಗರ್:
ಹಿಡಿ ತಿರುಗಿಸು, ಮುಳ್ಳು ನಿಲ್ಲುವ ತನಕ ಸುಮ್ಮನಿರು.
ಆಮೇಲೆ ಬಾಯಿ.

ಆ ಗುರುವಾರ ನಾಲ್ಕು ಕೆಜಿ ತಾಮ್ರ ಲೆಕ್ಕಕ್ಕೆ ಸಿಗಲಿಲ್ಲ.
ಗ್ಯಾಬ್ರಿಯಲ್ ಮೇಸ್ತ್ರಿ,
ನನಗಿಂತ ಮೊದಲಿಂದ ಈ ಬೆಂಚಿನಲ್ಲಿ ಕೂತವರು,
ಕನ್ನಡಕ ಒರೆಸಿಕೊಂಡು
ಎಲ್ಲರಿಗೂ ಕೇಳುವ ಹಾಗೆ ಅಂದರು:
"ರೂಪ್ಲಾನ ಚೀಲ ಒಂದ್ಸಲ ನೋಡಿ."

ತಾಂಡಾದ ಹುಡುಗ. ಬಂದು ಎಂಟು ತಿಂಗಳು.
ಏನೂ ಅನ್ನಲಿಲ್ಲ. ಮೊಳೆಯಿಂದ ಚೀಲ ತೆಗೆದ,
ಜಿಪ್ಪು ಎಳೆದ, ಟೇಬಲ್ಲಿನ ಮೇಲಿಟ್ಟ.
ಊಟದ ಡಬ್ಬಿ. ಒಂದು ಟವೆಲ್ಲು. ರಟ್ಟು ಹರಿದ ಐಟಿಐ ಪುಸ್ತಕ.
"ಇನ್ನೂ ಇಟ್ಕೊಂಡಿರ್ತಾನಾ," ಅಂತ ಯಾರೋ ನಕ್ಕರು.
ನನ್ನ ಬಲಗೈ ಬಿಸಿಯಾಯಿತು.

ಈ ಕೈಯನ್ನು ನಾನು ಬಲ್ಲೆ.
ಲೇಹ್‌ನಾಚೆ ಒಂದು ಪೋಸ್ಟಿನಲ್ಲಿ ಜನರೇಟರ್ ನಿಂತ ರಾತ್ರಿ
ಡೀಸೆಲ್ಲಿಗೆ ನೀರು ಬೆರೆಸಿದ್ದಾನೆಂದು
ಸಿಪಾಯಿ ಪಳನಿವೇಲುವಿಗೆ ಎಲ್ಲರೆದುರೇ ಬಾರಿಸಿತ್ತು.
ಬೆಳಿಗ್ಗೆ ಫಿಲ್ಟರ್ ಬಿಚ್ಚಿದರೆ
ಚಳಿಗೆ ಹೆಪ್ಪುಗಟ್ಟಿದ ಡೀಸೆಲ್ಲು, ತುಪ್ಪದ ಹಾಗೆ,
ಯಾರ ತಪ್ಪೂ ಇಲ್ಲದೆ.
ಹೇಳೋಣ ಅಂದುಕೊಂಡೆ. ಹವಾಲ್ದಾರ್ ಹೇಳುತ್ತಾನೆಯೇ?
ಅಷ್ಟರಲ್ಲಿ ಅವನಿಗೆ ಬೇರೆ ಕಡೆ ಪೋಸ್ಟಿಂಗ್.
ಅವನ ಎಡಗೆನ್ನೆ ಈಗಲೂ ನನ್ನ ಅಂಗೈಯಲ್ಲಿದೆ.

"ಟೀ ಕುಡಿದು ಬನ್ನಿ ಎಲ್ಲರೂ," ಅಂದೆ.
ಷಟರ್ ಅರ್ಧ ಎಳೆದು, ಬಿಲ್ಲಿನ ಬೆನ್ನಿಗೆ ಗೆರೆ ಹಾಕಿದೆ:
ಈ ಕಡೆ ಗೊತ್ತಿರುವುದು,
ಆ ಕಡೆ ಗೊತ್ತಿದೆ ಅಂದುಕೊಂಡದ್ದು.
ಆ ಕಡೆ ತುಂಬಿಹೋಯಿತು:
ತಾಂಡಾ, ಹೊಸಬ, ದುಡ್ಡಿಲ್ಲ, ಮಾತಾಡುವುದಿಲ್ಲ.
ಈ ಕಡೆ ಒಂದೇ ಸಾಲು:
ಎಂಟು ಮೋಟರು ಸುತ್ತಿದ್ದೇವೆ, ಪಟ್ಟಿಯ ಪ್ರಕಾರ
ಒಂದೊಂದಕ್ಕೂ ಒಂದು ಕೆಜಿ ಮುನ್ನೂರು.

ಮೂರು ಎಚ್‌ಪಿ ಮೋಟರನ್ನು ಮುನ್ನೂರರಲ್ಲಿ
ಯಾವ ಊರಲ್ಲಿ ಸುತ್ತುತ್ತಾರೆ?
ತೂಕದ ಮಿಷನ್ನಿನ ಮುಂದೆ ಕೂತೆ. ಕೆಂಪು ಅಂಕಿಗಳು.
ಕಣ್ಣು ಅರೆಮುಚ್ಚಿ ನೋಡಿದೆ:
ಎಂಟು, ಮೆಲ್ಲಗೆ, ಎಡಗಡೆ ಕರಗಿ ಮೂರಾಯಿತು.

ಮೇಸ್ತ್ರಿ ಕ್ರಿಸ್ಮಸ್ಸಿನಿಂದ ಕನ್ನಡಕ ಒರೆಸುತ್ತಲೇ ಇದ್ದಾರೆ.
ತಂತಿಯನ್ನು ಅವರ ಬೆರಳು ಓದುತ್ತದೆ,
ಹಾಗಾಗಿ ಕೆಲಸ ಕೆಟ್ಟಿರಲಿಲ್ಲ, ಯಾರಿಗೂ ತಿಳಿಯಲಿಲ್ಲ.

ಇಲ್ಲಿಂದಾಚೆಗೆ ಮುಳ್ಳಿಲ್ಲ, ಮೀಟರಿಲ್ಲ.
ಒಬ್ಬನನ್ನು ಎತ್ತಲು ಇನ್ನೊಬ್ಬರನ್ನು ಕೆಡವಬೇಕೇ?

"ಲೆಕ್ಕ ತಪ್ಪಿದ್ದು ನಾನು," ಅಂದೆ ಎಲ್ಲರೆದುರು.
ಅನುಮಾನವೂ ಎಲ್ಲರೆದುರೇ ಆಗಿತ್ತಲ್ಲ.
"ತಾಮ್ರ ಎಲ್ಲಿಗೂ ಹೋಗಿಲ್ಲ, ಮೋಟರಿನೊಳಗೇ ಇದೆ.
ರೂಪ್ಲಾ, ತಪ್ಪಾಯ್ತು."
ನನ್ನ ನಾಲಿಗೆಗೆ ಆ ಮಾತು ಹೊಸ ಬೂಟು. ಕಚ್ಚಿತು.

ಸಂಜೆ, ಬೀಗ ಹಾಕುವಾಗ, ಮೇಸ್ತ್ರಿಗೆ:
"ಶನಿವಾರ ಕಣ್ಣು ತೋರಿಸೋಕೆ ಹೊರಟಿದೀನಿ.
ಒಬ್ನೇ ಹೋಗೋಕೆ ಅಂಜಿಕೆ. ಬರ್ತೀರಾ?"
ಅವರು ಬಹಳ ಹೊತ್ತು ನನ್ನ ಕಡೆ,
ಅಥವಾ ನಾನಿರಬಹುದಾದ ಕಡೆ, ನೋಡಿದರು.
"ಎಂಟನ್ನ ಮೂರು ಅಂದ್ನೇನೋ ಟೀಕಪ್ಪ?"
ನಾನು ಬೀಗ ಇನ್ನೊಮ್ಮೆ ಎಳೆದು ನೋಡಿದೆ.
ಹುಡುಗನಿಗೆ ಅವರು ಹೇಳಿದರೋ ಇಲ್ಲವೋ,
ಕೇಳಿಲ್ಲ.

ರೂಪ್ಲಾ ದಿನವೂ ಬರುತ್ತಾನೆ,
ಒಂಬತ್ತಕ್ಕೆ ಐದು ನಿಮಿಷ ಮುಂಚೆ.
ಚೀಲವನ್ನು ಮೊಳೆಗೆ ಹಾಕುವುದಿಲ್ಲ.
ಜಿಪ್ಪು ತೆರೆದು ನನ್ನ ಟೇಬಲ್ಲಿನ ಮೇಲಿಡುತ್ತಾನೆ.
ಇವತ್ತಿಗೆ ಹನ್ನೊಂದು ದಿನ.
ಮುಚ್ಚು ಅನ್ನುವುದಿಲ್ಲ ನಾನು; ಅದೂ ಒಂದು ಆರ್ಡರಾದೀತು.
ಸೆಂಟ್ರಿ ಡ್ಯೂಟಿ ಮಾಡಿದವನು, ಕಾಯುವುದು ಬರುತ್ತದೆ.

ಮೊಳೆ ಖಾಲಿ ಇದೆ.